ಮಂಡಿಯ ಕೆಳಗಿನ ದಿಂಬು

"ಉಸ್ತಾದರೇ, ಹೆಸರು ಇನ್ನೊಬ್ಬರಿಗೆ ಹೋಗೋ ಕೆಲಸಕ್ಕೆ ನಾಲ್ಕೈದು ವರ್ಷ ಓದಬೇಕಾ?" ಎಂದು ಕೆಂಡಗಣ್ಣ ಕೇಳಿದ.

ಕೇಳಿದ್ದು ಗರಡಿಯಲ್ಲಿ. ಬೆಳಗಿನ ಸಾಮು ಮುಗಿದಿತ್ತು. ಉಳಿದ ಹುಡುಗರು ಮನೆಗೆ ಹೋಗಿದ್ದರು.

ಕೆಂಡಗಣ್ಣ ಸಾಮಾನ್ಯ ಆಸಾಮಿಯಲ್ಲ. ಸುತ್ತ ಏಳು ಹಳ್ಳಿಯಲ್ಲಿ ಅವನಷ್ಟು ದಂಡ ಹೊಡೆದವನೂ ಇಲ್ಲ, ಅವನಷ್ಟು ಅಂಕ ತೆಗೆದವನೂ ಇಲ್ಲ. ಈ ಮಾತನ್ನು ಬೇರೆಯವರು ಹೇಳುವ ಮೊದಲೇ ಅವನೇ ಹೇಳಿಬಿಡುತ್ತಿದ್ದ. ಸುಳ್ಳೇನೂ ಆಗಿರಲಿಲ್ಲ. ಹತ್ತನೇ ತರಗತಿಯ ಫಲಿತಾಂಶ ಬಂದ ದಿನ ಊರ ಮುಂದಿನ ಕಟ್ಟೆ ಹತ್ತಿ, "ಬರೆದಿಟ್ಕೊಳ್ಳಿ, ಈ ಊರಿನ ಮೊದಲ ಡಾಕ್ಟರು ನಾನೇ" ಎಂದು ಸಾರಿದ್ದ. ಊರು ಬರೆದಿಟ್ಟುಕೊಳ್ಳಲಿಲ್ಲ. ಮರೆಯಲೂ ಇಲ್ಲ.

ಈಗ ಡಾಕ್ಟರ್ ಸೀಟು ಕೂದಲೆಳೆಯಲ್ಲಿ ತಪ್ಪಿತ್ತು. ಸಿಕ್ಕಿದ್ದು ಫಿಸಿಯೋಥೆರಪಿ ಸೀಟು. ನಾಳೆ ಸಂಜೆಯೊಳಗೆ ಒಪ್ಪಿಗೆ ಕೊಡಬೇಕು. ಕೊಡದಿದ್ದರೆ ಅದೂ ಇನ್ನೊಬ್ಬರ ಪಾಲು.

"ಈ ಥರದ ಓದಿಗೆಲ್ಲ ಆರೋಗ್ಯ ವಿಜ್ಞಾನ ಅಂತ ಹೆಸರೇನೋ ದೊಡ್ಡದಾಗೇ ಇದೆ," ಎಂದ ಕೆಂಡಗಣ್ಣ. "ಒಬ್ಬ ರಕ್ತ ಪರೀಕ್ಷೆ ಮಾಡ್ತಾನೆ. ಒಬ್ಬ ಎಕ್ಸ್‌ರೇ ತೆಗೀತಾನೆ. ಒಬ್ಬ ಡಯಾಲಿಸಿಸ್ ಮೆಷೀನಿನ ಮುಂದೆ ಕೂರ್ತಾನೆ. ಇನ್ನೊಬ್ಬ ಕೈಕಾಲು ಆಡಿಸ್ತಾನೆ. ಕೆಲಸಕ್ಕೇನೂ ಬರ ಇಲ್ವಂತೆ, ಹೊರದೇಶದಿಂದಲೂ ಕರೀತಾರಂತೆ. ಆದರೆ ವಾಸಿಯಾದವನು ಕೈ ಮುಗಿಯೋದು ಯಾರಿಗೆ? ಡಾಕ್ಟರಿಗೆ! ಕುಸ್ತಿ ಹಿಡಿದವನು ಒಬ್ಬ, ಹೆಗಲ ಮೇಲೆ ಹೊತ್ತು ಮೆರೆಸೋದು ಇನ್ನೊಬ್ಬನ್ನ. ಇದ್ಯಾವ ನ್ಯಾಯ? ಅದಕ್ಕೇ ಈ ಸೀಟು ಬಿಟ್ಟು, ಇನ್ನೊಂದು ವರ್ಷ ಕೂತು ಮತ್ತೆ ಪರೀಕ್ಷೆ ಬರೆಯೋಣ ಅಂತಿದ್ದೀನಿ. ನೀವು ಹೂಂ ಅನ್ನಿ ಸಾಕು."

ಉಸ್ತಾದರು ಹೂಂ ಅನ್ನಲಿಲ್ಲ. ಉಹೂಂ ಎಂದೂ ಅನ್ನಲಿಲ್ಲ. ತೋಳಿಗೆ ಮೆತ್ತಿದ್ದ ಕೆಮ್ಮಣ್ಣನ್ನು ಉಜ್ಜಿ ಉದುರಿಸಿದರು.

"ಕೂತ್ಕೋ. ಒಂದು ಕತೆ ಹೇಳ್ತೀನಿ," ಎಂದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನದು ಗುಂಡಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು, ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಕೈ ಎಷ್ಟು ಚುರುಕಾಗಿದ್ದರೂ ಕಾಲು ತುಳಿಯದೆ ಒಂದು ಎಳೆಯೂ ಮುಂದೆ ಹೋಗದು.

ಒಂದು ದಿನ ಅವನು ಬಾವಿಯ ಮೆಟ್ಟಿಲಲ್ಲಿ ಜಾರಿದ. ಮಂಡಿಚಿಪ್ಪು ಎರಡು ಹೋಳಾಯಿತು. ಮಗ್ಗದ ಮೇಲೆ ಒಂದು ಸೀರೆ ಅರ್ಧಕ್ಕೆ ನಿಂತಿತು. ಅದನ್ನು ಬೇರೆಯವರಿಂದ ಮುಗಿಸುವ ಹಾಗಿಲ್ಲ. ನೇಯುವ ಕೈ ಬದಲಾದರೆ ಎಳೆ ಬಿಗಿಯುವ ಪೆಟ್ಟು ಬದಲಾಗುತ್ತದೆ. ಪೆಟ್ಟು ಬದಲಾದ ಜಾಗದಲ್ಲಿ ಸೀರೆಗೆ ಅಡ್ಡಗೆರೆ ಬೀಳುತ್ತದೆ. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಕಾಲು ಹೋದರೆ ಮಗ್ಗ ಹೋಯಿತು, ಮಗ್ಗ ಹೋದರೆ ಅವನು ಹೋದ.

ಪಟ್ಟಣದ ಆಸ್ಪತ್ರೆಯ ವೈದ್ಯ ಕೈಗುಣವಿದ್ದವನು. ಚಿಪ್ಪನ್ನು ಕೂಡಿಸಿ ತಂತಿ ಹಾಕಿ ಬಿಗಿದ. ಕಳಿಸಿಕೊಡುವಾಗ ಎರಡು ಮಾತು ಹೇಳಿದ. ಮೂಳೆ ಚೆನ್ನಾಗಿ ಕೂತಿದೆ, ಇದು ಒಂದು. ವಾರ ಬಿಟ್ಟು ಬಂದು ಮಂಡಿ ಆಡಿಸುವುದನ್ನು ಕಲಿಯಿರಿ, ಇದು ಇನ್ನೊಂದು. ಮನೆಯವರು ಮೊದಲ ಮಾತನ್ನಷ್ಟೇ ಮನೆಗೆ ತಂದರು.

ಮನೆಯಲ್ಲಿ ಉಪಚಾರವೋ ಉಪಚಾರ. ತಾಯಿ ಕಾಲುಸೂಪು ಮಾಡಿಕೊಟ್ಟಳು. ಹೆಂಡತಿ ಮಂಡಿಯ ಕೆಳಗೆ ಮೆತ್ತನೆಯ ದಿಂಬು ಇಟ್ಟಳು. ದಿಂಬು ಇಟ್ಟೊಡನೆ ನೋವು ಅರ್ಧ ಇಳಿಯಿತು. ನೇಕಾರ ಹಗಲೂ ಅದನ್ನು ತೆಗೆಯಲಿಲ್ಲ, ರಾತ್ರಿಯೂ ತೆಗೆಯಲಿಲ್ಲ. ಬಂದು ನೋಡಿದವರೆಲ್ಲ, 'ಅಲ್ಲಾಡಿಸಬೇಡಪ್ಪ, ಕೂಡಿದ್ದು ಬಿಟ್ಟೀತು' ಎಂದು ಹೇಳಿ ಹೋದರು. ಹೀಗೆ ಒಂದು ತಿಂಗಳಾಯಿತು. ತಿಂಗಳ ಮೇಲೆ ಅವನು ಎದ್ದು ನಿಲ್ಲಲು ನೋಡಿದ. ಮಂಡಿ ನೆಟ್ಟಗೂ ಆಗಲಿಲ್ಲ, ಮಡಚಲೂ ಇಲ್ಲ. ದಿಂಬಿನ ಮೇಲೆ ಹೇಗಿತ್ತೋ ಹಾಗೇ ನಿಂತುಬಿಟ್ಟಿತ್ತು.

ದಿಂಬಿನ ಸಮೇತ ಹೊತ್ತುಕೊಂಡು ಆಸ್ಪತ್ರೆಗೆ ಓಡಿದರು. ವೈದ್ಯ ಎಕ್ಸ್‌ರೇ ತೆಗೆಸಿ ನೋಡಿದ. ಮೂಳೆ ಕೂಡಿತ್ತು, ಅವನು ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಪಕ್ಕದ ಕೋಣೆಗೆ ಕಳಿಸಿದ. ಅಲ್ಲಿ ಒಬ್ಬ ಹೆಣ್ಣುಮಗಳು ಇದ್ದಳು. ನಿನಗೆ ಸಿಕ್ಕಿರುವ ಇದೇ ವಿದ್ಯೆ ಓದಿ ಬಂದವಳು.

ಅವಳು ಮೊದಲು ಮಾಡಿದ ಕೆಲಸವೆಂದರೆ ದಿಂಬನ್ನು ಕಿತ್ತು ಆಚೆ ಇಟ್ಟದ್ದು.

"ಅಯ್ಯೋ, ನಿನ್ನ ಕೈಗಿಷ್ಟು ಬೆಂಕಿ ಹಾಕ!" ಎಂದಳು ನೇಕಾರನ ತಾಯಿ. "ಮಗ ಸುಖವಾಗಿ ಮಲಗಿರೋದು ನಿನ್ನ ಕಣ್ಣಿಗೆ ಆಗದೇನೇ?"

"ಸುಖವಾಗಿರೋ ಹಾಗೇ ಇಟ್ಟರೆ ಮಂಡಿ ಆ ಸುಖದಲ್ಲೇ ಬೀಗ ಹಾಕ್ಕೊಳ್ಳುತ್ತೆ ಅಜ್ಜಿ," ಎಂದಳು ಅವಳು.

ಆಮೇಲೆ ಅವಳು ಎರಡು ಪಟ್ಟಿಯ ಒಂದು ಅಳತೆಗೋಲನ್ನು ಮಂಡಿಯ ಪಕ್ಕಕ್ಕೆ ಹಿಡಿದು, ಎಷ್ಟು ಮಡಚುತ್ತದೆ ಎಂದು ಬರೆದುಕೊಂಡಳು. ಮೂವತ್ತೈದು ಡಿಗ್ರಿ. ಮಗ್ಗಕ್ಕೆ ಕೂರಲು ತೊಂಬತ್ತು ಬೇಕು. ಕೂತು ಏಳಲು ಇನ್ನೂ ಹೆಚ್ಚು. ದಿನವೂ ಬಿಸಿ ಕೊಟ್ಟಳು, ಒತ್ತಿದಳು, ಮಡಚಿದಳು, ಅಳೆದಳು. ನೇಕಾರ ದಿನವೂ ಕಿರುಚಿದ. ಮೂವತ್ತೆಂಟಾಯಿತು. ನಲವತ್ತಾಯಿತು. ಎರಡು ದಿನ ಜ್ವರ ಬಂದು ತಪ್ಪಿಸಿದ, ಮತ್ತೆ ಮೂವತ್ತಾರಕ್ಕೆ ಇಳಿಯಿತು. ಅವತ್ತು ಅವನು ಕೈಗೆ ಸಿಕ್ಕ ನೀರಿನ ಲೋಟ ತೆಗೆದು ಅವಳ ಮೇಲೆ ಎಸೆದ.

"ಡಾಕ್ಟರು ಕೂಡಿಸಿದ್ದನ್ನ ನೀನು ಮುರೀತಿದ್ದೀಯ! ನೀನೇನು ಡಾಕ್ಟರಾ?"

"ಅಲ್ಲಣ್ಣ," ಎಂದಳು ಅವಳು. ಸೆರಗಿನ ನೀರು ಕೊಡವಿಕೊಂಡಳು. "ಡಾಕ್ಟರ ಕೆಲಸ ಮುಗೀತು, ನಿಮ್ಮ ಮಂಡಿ ಕೆಲಸ ಮುಗಿದಿಲ್ಲ. ಹೂಂ, ಮಡಚಿ."

ಇಲ್ಲಿ ಕೆಂಡಗಣ್ಣನಿಗೆ ತಡೆಯಲಾಗಲಿಲ್ಲ. ತೊಡೆ ತಟ್ಟಿಯೇಬಿಟ್ಟ.

"ನಾನಾಗಿದ್ದರೆ ಅದೇ ಲೋಟಾನ ತಿರುಗಿ ಅವನ ತಲೆಗೇ ಬಿಡ್ತಿದ್ದೆ ಉಸ್ತಾದರೇ!"

"ಬಿಡ್ತಿದ್ದೆ ಬಿಡು," ಎಂದರು ಉಸ್ತಾದರು. "ಗುರಿ ಚೆನ್ನಾಗಿದೆ ನಿಂದು. ಆಮೇಲೆ ಅವನ ಮಂಡಿ ಯಾರು ಮಡಚ್ತಿದ್ದರು?"

ಕೆಂಡಗಣ್ಣ ಮೀಸೆ ಸರಿಮಾಡಿಕೊಂಡ. ಉಸ್ತಾದರು ಮುಂದುವರಿಸಿದರು.

ಎರಡನೆಯ ತಿಂಗಳಿಗೆ ಎಪ್ಪತ್ತಾಯಿತು. ನೇಕಾರ ಬೈಯುವುದನ್ನು ನಿಲ್ಲಿಸಿದ. ಅವನು ಎಳೆ ಎಣಿಸಿ ಬದುಕಿದವನು, ಅಳತೆಯ ಮಾತು ಅವನಿಗೆ ತಿಳಿಯುತ್ತದೆ. ತಾನೇ ಹಲ್ಲು ಕಚ್ಚಿ ಮಡಚತೊಡಗಿದ. ಮೂರನೆಯ ತಿಂಗಳಿಗೆ ತೊಂಬತ್ತು ದಾಟಿತು. ಒಂದು ಮುಂಜಾನೆ ಗುಂಡಿಯೊಳಗೆ ಕಾಲು ಇಳಿಬಿಟ್ಟು ಹಲಗೆ ತುಳಿದ. ಮಗ್ಗ ಮಾತಾಡಿತು. ಸೀರೆ ಮುಗಿಯಿತು, ಅಡ್ಡಗೆರೆ ಬೀಳಲಿಲ್ಲ.

ಅದಾಗಿ ಕೆಲವು ತಿಂಗಳ ಮೇಲೆ ಅವನು ತನ್ನ ಮಗ್ಗದಲ್ಲೇ ಒಂದು ಶಾಲು ನೇಯ್ದ. ಹಣ್ಣು, ಹೂವು, ಶಾಲು ಹಿಡಿದು ಸಂಸಾರ ಸಮೇತ ಆಸ್ಪತ್ರೆಗೆ ಬಂದ. ವೈದ್ಯ ರೋಗಿಗಳನ್ನು ನೋಡುತ್ತ ಪಡಸಾಲೆಯಲ್ಲಿ ಬರುತ್ತಿದ್ದ. ನೇಕಾರ ಎಲ್ಲರ ಎದುರಿಗೆ ಅವನಿಗೆ ಶಾಲು ಹೊದಿಸಿದ. 'ನನ್ನ ಕಾಲು ಕೊಟ್ಟ ದೇವರು ನೀವು' ಎಂದ. ಎರಡೂ ಮಂಡಿ ಊರಿ ಕುಳಿತು, ಬಾಗಿ, ವೈದ್ಯನ ಪಾದಕ್ಕೆ ಹಣೆ ಹಚ್ಚಿದ. ನೆರೆದವರು ಚಪ್ಪಾಳೆ ತಟ್ಟಿದರು.

ಆ ಹೆಣ್ಣುಮಗಳು ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಒಬ್ಬ ಮುದುಕನಿಗೆ ಹೆಜ್ಜೆ ಹಾಕಿಸುತ್ತಿದ್ದಳು. ನೇಕಾರ ಆ ಕಡೆ ತಿರುಗಲಿಲ್ಲ. ಎದ್ದ, ಕಣ್ಣು ಒರೆಸಿಕೊಂಡ, ಹೊರಟುಹೋದ.

ಉಸ್ತಾದರು ಅಲ್ಲಿಗೆ ನಿಲ್ಲಿಸಿದರು.

ಕೆಂಡಗಣ್ಣ ಎದ್ದೇ ನಿಂತ. ಕುಸ್ತಿಯಲ್ಲಿ ಚಿತ್ ಮಾಡಿದವನ ಹಾಗೆ ಮುಖ ಅರಳಿತ್ತು.

"ಸಿಕ್ಕಿಬಿದ್ರಿ ಉಸ್ತಾದರೇ! ಇದನ್ನೇ ಅಲ್ವಾ ನಾನು ಆಗಿನಿಂದ ಬಡ್ಕೊಳ್ತಿರೋದು? ಬೈಸ್ಕೊಂಡವಳು ಅವಳು, ಲೋಟದ ಏಟು ತಿಂದವಳು ಅವಳು. ಶಾಲು ಯಾರಿಗೆ ಹೋಯ್ತು? ನನ್ನ ಮಾತೇ ಗೆಲ್ತು. ಅಲ್ಲ, ಅವನು ಹೋಗಿ ಡಾಕ್ಟರ ಕಾಲಿಗೆ ಬೀಳ್ತಿದ್ದರೆ, ಅದನ್ನ ನೋಡ್ಕೊಂಡು ನಿಂತ್ಕೊಳ್ಳೋಕೆ ಅವಳಿಗೆ ಹೆಂಗೆ ಮನಸ್ಸು ಬಂತು? ಹೊಟ್ಟೆ ಉರೀಲಿಲ್ವಾ?"

ಉಸ್ತಾದರು ಹೆಗಲಿಗೆ ವಸ್ತ್ರ ಹಾಕಿಕೊಂಡರು.

"ಅವನು ಯಾರ ಕಾಲಿಗೆ ಬಿದ್ದ ಅಂತ ಅವಳು ನೋಡಲಿಲ್ಲ ಕಣೋ, ಮಂಡಿ ಎಷ್ಟು ಮಡಚಿತು ಅಂತ ನೋಡಿದಳು."