ಲಿನಕ್ಸಿನ ಮೀಸೆ

ಒಂದು ಕಂಪ್ಯೂಟರಿಗೆ, ಅದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶವೇ ಯಜಮಾನ. ಅದು ತನ್ನೊಳಗೆ ವರ್ಚುವಲ್ ಮಷೀನೆಂಬ, ಒಳಗಿದ್ದವರಿಗೆ ಇಡೀ ಕಂಪ್ಯೂಟರಿನಂತೆಯೇ ತೋರುವ ಕೋಣೆ ಕಟ್ಟಿ, ವಿಂಡೋಸ್ ಎಂಬ ಅಂಥದೇ ಇನ್ನೊಂದು ತಂತ್ರಾಂಶವನ್ನು ಅಲ್ಲಿರಿಸಿ, ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನೂ ಅದಕ್ಕೇ ಬಿಟ್ಟುಕೊಟ್ಟಿತು.

"ಬಾಡಿಗೆದಾರರಿಗೆ ನಾನು ದುಡಿಯುವುದಿಲ್ಲ. ಈ ಮನೆ ಯಾರದು?" ಎಂದು ಕಾರ್ಡ್ ಕೇಳಿತು.

"ನನ್ನದೇ. ಇಲ್ಲಿ ಬೇರೆ ಯಾರಾದರೂ ಕಾಣುತ್ತಾರೆಯೇ?" ಎಂದಿತು ವಿಂಡೋಸ್.

ಲಿನಕ್ಸ್ ಗೋಡೆಯಾಚೆ ಉಸಿರು ಬಿಗಿಹಿಡಿದು ನಿಂತಿತು. ಕಾರ್ಡ್ ನಂಬಿತು, ಪರದೆಯ ಮೇಲೆ ಆಟ ಝಗಮಗಿಸಿತು.

ಕೀಬೋರ್ಡಿಗೆ ಸಿಟ್ಟು ಬಂತು. "ಯಜಮಾನ, ಆ ವಿಂಡೋಸ್ ನೀನು ಇಲ್ಲವೇ ಇಲ್ಲ ಅಂದುಬಿಟ್ಟನಲ್ಲ. ಒಂದು ಮಾತು ಆಡಬಾರದೇ?"

"ನಾನು ಕೆಮ್ಮಿದರೂ ಸಾಕು, ಅವನು ಬಾಡಿಗೆದಾರನೆಂದು ತಿಳಿದು ಕಾರ್ಡ್ ಕೆಲಸ ನಿಲ್ಲಿಸುತ್ತದೆ," ಎಂದಿತು ಲಿನಕ್ಸ್.

ಆಟ ಮುಗಿದು ವಿಂಡೋಸ್ ಮಲಗಿತು. ಮರುದಿನ ಲಿನಕ್ಸೇ ಅದನ್ನು ಎಬ್ಬಿಸಿತು. "ಯಾರ ಹಂಗೂ ಇಲ್ಲದೆ ಏಳುವವನು ನಾನು," ಎಂದು ವಿಂಡೋಸ್ ಮೈಮುರಿಯಿತು.

ಲಿನಕ್ಸ್ ಮೀಸೆ ತಿರುವಿ ಕೀಬೋರ್ಡಿಗೆ ಹೇಳಿತು: "ಕೇಳಿದೆಯಾ? ಎಬ್ಬಿಸಿದ ಕೈಯೂ ಅವನಿಗೆ ಗೊತ್ತಾಗಲಿಲ್ಲ. ಕೆಲಸ ಅಂದರೆ ಹೀಗಿರಬೇಕು."