ನಾಲಿಗೆ ಅಳೆದ ಭರಮ್ಯಾ

ಸಾತವ್ವನಿಗೆ ಒಬ್ಬನೇ ಮಗ, ಭರಮ್ಯಾ. ಹೇಳಿದ ಮಾತು ಕೇಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಅದೇ ಸಾತವ್ವನ ಗೋಳು! "ಹಾಲು ನೋಡ್ತಿರು" ಅಂದರೆ, ಉಕ್ಕಿ ಒಲೆ ಆರುವತನಕ ನೋಡುತ್ತ ಕೂರುವ ಮಹಾರಾಯ ಅವನು.

ಇಂಥವನು ಗಡಿಯಾಚೆಯ ಶೇವಂತಾಳನ್ನು ಸಂತೆಯಲ್ಲಿ ಕಂಡು ಮನಸೋತ. ಅವಳೂ ಇವನನ್ನು ನೋಡಿ ನಕ್ಕಿದ್ದಳು. ಆದರೆ ಅವರ ಮನೆಯಲ್ಲಿ ಮರಾಠಿ ಬಿಟ್ಟು ಬೇರೆ ಮಾತಿಲ್ಲ. ಯುಗಾದಿಯೊಳಗೆ ಹುಡುಗ ನಮ್ಮ ಭಾಷೆ ಕಲಿತರೆ ಹೆಣ್ಣು, ಇಲ್ಲದಿದ್ದರೆ ಇಲ್ಲ ಎಂದು ಅವಳ ಅಜ್ಜಿ ಹೇಳಿ ಕಳಿಸಿದಳು.

ಸಾತವ್ವ ಮಗನನ್ನು ಮರಾಠಿ ಬಲ್ಲ ದರ್ಜಿ ಗಣಪತರಾಯನ ಹತ್ತಿರ ಬಿಟ್ಟಳು. "ದಿನಾ ಎಷ್ಟು ಕಲತಿ, ಅಳದು ನೋಡ್ಕೋಪಾ" ಅಂದ ದರ್ಜಿ.

ವಾರಕ್ಕೆ ಭರಮ್ಯಾ ಅಳುತ್ತ ಬಂದ. "ಯವ್ವಾ, ಟೇಪ್ ಹಿಡದು ದಿನಾ ನಾಲಿಗಿ ಅಳದೆ. ಒಂದು ನೂಲೂ ಬೆಳದಿಲ್ಲ!"

"ಅಯ್ಯ ನನ್ನ ಹಣೇಬರಾ! ನಾಲಿಗಿ ಅಳೀತಾರೇನೋ? ಎಷ್ಟು ತಪ್ಪು ಮಾಡ್ತಿ ಅಂತ ಎಣಸು. ತಪ್ಪು ಕಡಿಮಿ ಆದ್ರ ಕಲತಂಗ!"

"ಆಗಲವ್ವಾ!"

ಮರುದಿನ ಕುಣಿಯುತ್ತ ಬಂದ. "ಯವ್ವಾ, ಇವತ್ತ ಒಂದೂ ತಪ್ಪಿಲ್ಲ!"

ಸಾತವ್ವನ ಕಣ್ಣಲ್ಲಿ ನೀರೇ ಬಂತು. "ಏನೇನು ಮಾತಾಡಿದ್ಯೋ ನನ್ನ ರಾಜಾ?"

"ಬಾಯೇ ಬಿಡಲಿಲ್ಲವ್ವಾ!"

"ಹುಚ್ಚಪ್ಯಾಲಿ! ಬಾಯಿ ಬಿಡಬೇಕೋ! ಸಿಕ್ಕವರ ಜೋಡಿ ಮಾತಾಡು. ಅವರಿಗೆ ತಿಳೀತಂದ್ರ ಕಲತಂಗ!"

"ಆಗಲವ್ವಾ!"

ಸಂಜೆಗೆ ಎದೆಯುಬ್ಬಿಸಿಕೊಂಡು ಬಂದ. "ಊರಮಂದಿಗೆಲ್ಲಾ ತಿಳೀತವ್ವಾ!"

"ಯಾವ ಭಾಷಾದಾಗ ಮಾತಾಡಿದಿ?"

"ನಮ್ಮ ಭಾಷಾದಾಗ!"

ಸಾತವ್ವ ತಲೆ ಚಚ್ಚಿಕೊಂಡು, ಮಗನನ್ನೂ ಎಳೆದುಕೊಂಡು ದರ್ಜಿಯ ಅಂಗಡಿಗೆ ಓಡಿದಳು. ಅವನೂ ಸೋತಿದ್ದ. "ಇನ್ನೊಂದೇ ಗುರುತು ಐತಿ, ಭರಮ್ಯಾ. ಕನಸಿನ್ಯಾಗ ಮರಾಠಿ ಬಂದ್ರ ಪೂರಾ ಕಲತಂಗ" ಅಂದುಬಿಟ್ಟ.

"ಆಗಲ್ರಿ!"

ಯುಗಾದಿ ಬಂತು. ತಾಯಿ ಮಗ ಶೇವಂತಾಳ ಮನೆಗೆ ಹೋದರು. ಅಜ್ಜಿ ಕನ್ನಡಕ ಏರಿಸಿ ಕೇಳಿದಳು, "ತುಝ ನಾವ್ ಕಾಯ್?" ಹೆಸರೇನು ಅಂತ. ದರ್ಜಿಯ ಅಂಗಡಿಯಲ್ಲಿ ದಿನಾ ಕೇಳಿ ಕೇಳಿ ಅದು ಭರಮ್ಯಾನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕನಸು ನೋಡದೆ ಗೊತ್ತು ಅನ್ನುವುದು ಹೇಗೆ?

"ತಡೀರಿ, ನೋಡಿ ಹೇಳ್ತೀನಿ" ಎಂದವನೇ ಪಡಸಾಲೆಯಲ್ಲಿ ಕಾಲು ಚಾಚಿ ಮಲಗಿದ. ಗೊರಕೆ ಶುರುವಾಯಿತು. ಸಾತವ್ವ ನಾಚಿಕೆಯಿಂದ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಸಂಬಂಧ ಮುರಿಯಿತು ಅಂತಲೇ ಅವಳೆಣಿಕೆ.

ಅಷ್ಟರಲ್ಲಿ ಭರಮ್ಯಾ ನಿದ್ದೆಯಲ್ಲೇ ಕೂಗಿದ: "ಮಾಝ ನಾವ್ ಭರಮಾ! ಪಾಣಿ ದ್ಯಾ!"

ಶೇವಂತಾ ನಗು ತಡೆಯಲಾರದೆ ನೀರಿನ ತಂಬಿಗೆ ತಂದಳು. ಅಜ್ಜಿಯಂತೂ ಚಪ್ಪಾಳೆ ತಟ್ಟಿದಳು. ಕನಸಿನಲ್ಲೂ ನಮ್ಮ ಭಾಷೆಯಲ್ಲೇ ನೀರು ಕೇಳುವ ಅಳಿಯ ಮತ್ತೆಲ್ಲಿ ಸಿಕ್ಕಾನು! ಅಲ್ಲೇ ಸಂಬಂಧ ಗಟ್ಟಿಯಾಯಿತು. ಸಾತವ್ವನ ಸಂತೋಷ ಹೇಳತೀರದು.

ಮದುವೆಯ ದಿನ ಹೆಂಗಸರೆಲ್ಲ ಮದುಮಗನನ್ನು ಸುತ್ತುವರಿದರು. ಹೆಂಡತಿಯ ಹೆಸರು ಸೇರಿಸಿ, ಮರಾಠಿಯಲ್ಲಿ ಒಡಪು ಕಟ್ಟಿ ಹೇಳಲೇಬೇಕು, ಅದು ಅಲ್ಲಿಯ ರೂಢಿ. ಭರಮ್ಯಾ ಆಚೀಚೆ ನೋಡಿದ. "ಬ್ಯಾಡೋ, ನನ್ನಪ್ಪಾ!" ಎಂದು ಸಾತವ್ವ ದೂರದಿಂದಲೇ ಕೈಬೀಸಿದಳು.

ಶೇವಂತಾ ಮಾತ್ರ ನಗುತ್ತ, ಬೆನ್ನ ಹಿಂದೆ ಬಚ್ಚಿಟ್ಟಿದ್ದ ತಲೆದಿಂಬನ್ನು ಗಂಡನ ಕೈಗೆ ಕೊಟ್ಟಳು. ಭರಮ್ಯಾ ಬಾಸಿಂಗದ ಸಮೇತ ಮಲಗಿಬಿಟ್ಟ. ಹೆಂಗಸರು ಒಡಪಿಗಾಗಿ ಇನ್ನೂ ಕಾಯುತ್ತ ಕೂತಿದ್ದಾರೆ.