ನೊರೆಯಜ್ಜಿಯ ನೆರಳು

ಒಂದು ಕಡಲಿನ ನಡುವೆ, ದಡಕ್ಕೆ ಕಂಡೂ ಕಾಣದಷ್ಟು ದೂರದಲ್ಲಿ, ಒಂದು ನಡುಗಡ್ಡೆ ಇತ್ತು. ಎಲ್ಲಿ ನೋಡಿದರೂ ಬರೀ ಬಂಡೆ. ರೀವ ಎಂಬ ಬಿಳಿಯ ಕಡಲಹಕ್ಕಿಗಳು ಪ್ರತಿ ವರ್ಷ ಅಲ್ಲಿಗೆ ಬಂದು ಮೊಟ್ಟೆಯಿಡುತ್ತಿದ್ದವು. ಅವುಗಳಿಗೆ ತೊಂದರೆಯಾಗದಿರಲೆಂದು ಮನುಷ್ಯರು ‘ಇಲ್ಲಿ ಇಳಿಯಬಾರದು’ ಎಂದು ಬೋರ್ಡು ನೆಟ್ಟಿದ್ದರು.

ರೀವಗಳು ಗೂಡು ಕಟ್ಟುತ್ತಿರಲಿಲ್ಲ. ಬಂಡೆಯ ಮೇಲೆ ಒಂದೇ ಒಂದು ಮೊಟ್ಟೆಯಿಡುತ್ತಿದ್ದವು. ಮಧ್ಯಾಹ್ನ ಆ ಬಂಡೆ ಕಾದ ಹೆಂಚಾಗುತ್ತಿತ್ತು. ಆಗ ತಾಯಿಹಕ್ಕಿ ಕಡಲಿಗೆ ಹೋಗಿ, ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುತ್ತಿತ್ತು. ಅದು ಬರುವವರೆಗೆ ಇನ್ನೊಬ್ಬರು ರೆಕ್ಕೆ ಹರಡಿ ನೆರಳಾಗಬೇಕು. ನಡುಗಡ್ಡೆಯಲ್ಲೇ ಹುಟ್ಟಿದವರು ಮಾತ್ರ ನೆರಳಾಗಬಹುದು ಎಂಬುದು ಅಲ್ಲಿಯ ಕಟ್ಟಳೆ.

ನೊರೆಯಜ್ಜಿ ಎಂಬ ಮುದಿ ರೀವ ತನ್ನ ಮೊಮ್ಮಗಳು ಸಿಂಪಿಯ ಮೊಟ್ಟೆಗೆ ನೆರಳಾಗಿ ನಿಲ್ಲುತ್ತಿದ್ದಳು. ಅವಳ ಗಂಡನಾದ ಅಜ್ಜನಾಗಲಿ ಓರಗೆಯವರಾಗಲಿ ಯಾರೂ ಉಳಿದಿರಲಿಲ್ಲ. ಅಜ್ಜ ಮೊದಲ ಸಲ ಬೆಳ್ಳಿಮೀನು ತಂದುಕೊಟ್ಟದ್ದು, ದೊಡ್ಡ ಬಿರುಗಾಳಿಯಲ್ಲಿ ಇಬ್ಬರೂ ಒಂದೇ ಬಂಡೆಯ ಬುಡದಲ್ಲಿ ಅವಿತದ್ದು, ಎಲ್ಲವನ್ನೂ ಹೇಳಬೇಕೆಂದು ಅವಳಿಗೆ ಆಸೆ. ಸಿಂಪಿಗೆ ಕೇಳಲು ಪುರಸೊತ್ತಿಲ್ಲ. ಹಾಗಾಗಿ ಅಜ್ಜಿ ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತಿದ್ದಳು.

ಮೀನುಗಾರರ ದೋಣಿಯೊಂದರ ಮೇಲೆ ಕುಳಿತು ಒಂದು ಕಾಗೆ ಅಲ್ಲಿಗೆ ಬಂತು. ಅದಕ್ಕೆ ಓದಲು ಎಲ್ಲಿ ಬರಬೇಕು? ಆ ಬೋರ್ಡಿನ ಮೇಲೆಯೇ ಎರಡು ದಿನ ಕುಳಿತು ಅಜ್ಜಿಯ ಮಾತೆಲ್ಲ ಕದ್ದು ಕೇಳಿತು. ಅದರ ಕಣ್ಣು ಸಿಂಪಿಯ ಮೊಟ್ಟೆಯ ಮೇಲಿತ್ತು. ಮೂರನೆಯ ದಿನ ಮೆಲ್ಲಗೆ ಹತ್ತಿರ ಬಂದು, ಆ ಬಿರುಗಾಳಿ ತನಗೂ ನೆನಪಿದೆ, ಅಜ್ಜ ತನ್ನನ್ನು ಎಷ್ಟು ಅಕ್ಕರೆಯಿಂದ ಮಾತಾಡಿಸುತ್ತಿದ್ದರು ಎಂದಿತು. ಅಜ್ಜಿಯ ಕಣ್ಣು ತುಂಬಿ ಬಂತು. ಅಂದು ಅವಳು ಹೊತ್ತು ಹೋದದ್ದೇ ತಿಳಿಯದಂತೆ ಮಾತಾಡಿದಳು. ಕಾಗೆ ಪ್ರತಿ ಮಾತಿಗೂ ಹೂಂಗುಟ್ಟಿತು.

ಮರುದಿನ ಕಾಗೆ, ನೀವು ದಣಿದಿದ್ದೀರಿ ಅಜ್ಜಿ, ಇವತ್ತು ನಾನು ನೆರಳಾಗುತ್ತೇನೆ ಎಂದಿತು. ಅಜ್ಜಿಗೆ ಸಂತೋಷವೇ ಆಯಿತು. ಆದರೂ ಕಟ್ಟಳೆಯಂತೆ ಕೇಳಿದಳು, “ನೀನು ಇಲ್ಲಿ ಎಲ್ಲಿ ಹುಟ್ಟಿದ್ದಪ್ಪ?”

ಬರಿಯ ಬಂಡೆಯ ಮೇಲೆ ಹುಟ್ಟುವುದು ಕಾಗೆಯ ಕಲ್ಪನೆಗೂ ಎಟುಕದ ಮಾತು. “ಆಗ ಇಲ್ಲೊಂದು ದೊಡ್ಡ ಮರ ಇತ್ತಲ್ಲ ಅಜ್ಜಿ, ಅದರ ತುದಿಯ ಗೂಡಿನಲ್ಲಿ. ಬಿರುಗಾಳಿಗೆ ಬಿದ್ದು ಹೋಯಿತು, ಪಾಪ” ಎಂದಿತು.

ಅಜ್ಜಿಯ ಮನಸ್ಸು ಮುದುಡಿತು. ಪಕ್ಕದಲ್ಲಿದ್ದ, ಮೊಟ್ಟೆಯಂತೆಯೇ ಕಾಣುವ ಚುಕ್ಕೆಚುಕ್ಕೆಯ ದುಂಡು ಕಲ್ಲನ್ನು ತೋರಿಸಿ, ಸಿಂಪಿಯ ಮೊಟ್ಟೆ ಅದು, ತಾನು ನಿಂತಿರುವುದು ನೆರೆಯವರ ಮೊಟ್ಟೆಯ ಮೇಲೆ ಎಂದಳು. ಆಮೇಲೆ ತೂಕಡಿಸುವವಳಂತೆ ಕಣ್ಣು ಮುಚ್ಚಿದಳು.

ಕಾಗೆ ತಡಮಾಡಲಿಲ್ಲ. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕುಕ್ಕಿತು. ಕೊಕ್ಕಿನ ತುದಿ ಮುರಿದು ಬಿತ್ತು.

ಅಜ್ಜಿ ಕಣ್ಣು ತೆರೆದಳು. “ಇಲ್ಲಿ ಮರ ಇದ್ದಿದ್ದರೆ ನಾವು ತಲೆತಲಾಂತರದಿಂದ ಬಿಸಿಲಿಗೆ ರೆಕ್ಕೆ ಹರಡಿ ಯಾಕಪ್ಪ ನಿಲ್ಲುತ್ತಿದ್ದೆವು?”

ಮೊಟ್ಟೆಗೆ ನೆರಳಾಗಿ ನಿಂತಿರದ ರೀವಗಳೆಲ್ಲ ಒಟ್ಟಿಗೆ ಎದ್ದು ಅದನ್ನು ದಡದವರೆಗೂ ಅಟ್ಟಿದವು.

ಒದ್ದೆ ಹೊಟ್ಟೆಯಲ್ಲಿ ಮರಳಿ ಬಂದ ಸಿಂಪಿಗೆ ಎಲ್ಲ ತಿಳಿಯಿತು. ಮೊಟ್ಟೆ ಉಳಿದರೂ ಅಜ್ಜಿಯ ಮುಖ ಬಾಡಿತ್ತು. ಸುಳ್ಳೇ ಆದರೂ ಒಂದು ದಿನ ಅಜ್ಜನ ಕಾಲ ಮರಳಿ ಬಂದಂತಿತ್ತು ಎಂದಳು ಅಜ್ಜಿ.

ಸಿಂಪಿ ಮೊಟ್ಟೆಯನ್ನು ಅವುಚಿಕೊಂಡು ಅಜ್ಜಿಯ ಪಕ್ಕಕ್ಕೆ ಸರಿದಳು. “ಆ ಬೆಳ್ಳಿಮೀನಿನ ಕಥೆ ಹೇಳಜ್ಜಿ. ನಾನು ಇಷ್ಟು ವರ್ಷ ಕೇಳಲೇ ಇಲ್ಲ.”

ಅಜ್ಜಿ ಮೊದಲಿನಿಂದ ಶುರುಮಾಡಿದಳು. ಮೊಟ್ಟೆಯೊಳಗಿನಿಂದ ಸಣ್ಣಗೆ ‘ಚಿಂವ್’ ಎಂಬ ದನಿ ಕೇಳಿಸಿತು.

ನೀತಿ: ನಮ್ಮ ನೆನಪುಗಳಿಗೆ ಹೂಂಗುಟ್ಟಿದವರೆಲ್ಲ ನಮ್ಮವರಲ್ಲ, ಹಿರಿಯರ ಮಾತಿಗೆ ಮನೆಯವರೇ ಕಿವಿಗೊಟ್ಟರೆ ಕಳ್ಳರಿಗೆ ಅಲ್ಲಿ ಜಾಗವಿರುವುದಿಲ್ಲ.